ಬಿಪಿ ಜಾಸ್ತಿ ಇದ್ದರೆ ರಕ್ತ ಹೆಪ್ಪುಗಟ್ಟುವುದು ಯಾಕೆ?

ಒತ್ತಡ ಜಾಸ್ತಿಯಾದರೆ ರಕ್ತನಾಳ ಒಡೆಯಬೇಕು ಅಲ್ವಾ? ಒಡೆಯುವುದೂ ಉಂಟು. ಆದರೆ ಬಿಪಿ ಇರುವವರಿಗೆ ಆಗುವ ಪಾರ್ಶ್ವವಾಯು, ಹೃದಯಾಘಾತಗಳಲ್ಲಿ ಹೆಚ್ಚಿನವು ನಾಳ ಕಟ್ಟಿಕೊಂಡು ಆಗುವಂಥವು. ಈ ಒಗಟು ಬಿಡಿಸಿದರೆ ಇಡೀ ಪಾಠ ಅರ್ಥವಾಗುತ್ತದೆ.

ಉತ್ತರ ಇರುವುದು ನಾಳದ ಒಳಪದರದಲ್ಲಿ, ಅಂದರೆ ಎಂಡೋಥೀಲಿಯಮ್‌ನಲ್ಲಿ. ಇದರ ದಪ್ಪ ಒಂದೇ ಒಂದು ಜೀವಕೋಶದಷ್ಟು. ಇದು ನೈಟ್ರಿಕ್ ಆಕ್ಸೈಡ್, ಪ್ರೊಸ್ಟಾಸೈಕ್ಲಿನ್ ಎಂಬ ರಾಸಾಯನಿಕಗಳನ್ನು ತಯಾರಿಸಿ ಪ್ಲೇಟ್‌ಲೆಟ್‌ಗಳು (ಹೆಪ್ಪುಗಟ್ಟಲು ನೆರವಾಗುವ ರಕ್ತದ ಪುಟ್ಟ ಕಣಗಳು) ಅಂಟದಂತೆ ನೋಡಿಕೊಳ್ಳುತ್ತದೆ. ವರ್ಷಗಟ್ಟಲೆ ಒತ್ತಡ ತಿಂದರೆ ಈ ಪದರ ಸೋಲುತ್ತದೆ. ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ. ಒಳಗೆ ಕೂಡಿಟ್ಟಿದ್ದ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂಬ ಪ್ರೋಟೀನ್ ರಕ್ತಕ್ಕೆ ಜಾಸ್ತಿ ಬರುತ್ತದೆ. ಸುರುಳಿ ಸುತ್ತಿದ ದಾರದಂತಿರುವ ಇದು, ರಕ್ತ ರಭಸವಾಗಿ ಉಜ್ಜಿಕೊಂಡು ಹರಿಯುವ ಕಡೆ ಬಿಚ್ಚಿಕೊಂಡು ಪ್ಲೇಟ್‌ಲೆಟ್‌ಗಳನ್ನು ಹಿಡಿಯುತ್ತದೆ. ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳನ್ನು ಫ್ಯಾಕ್ಟರ್ ಎಂದು ನಂಬರ್ ಹಾಕಿ ಕರೆಯುತ್ತಾರೆ; ಅವುಗಳಲ್ಲಿ 8ನೆಯದನ್ನು ಹೊತ್ತು ತಿರುಗುವುದೂ ಇದೇ.

ಇನ್ನು ಟಿಶ್ಯೂ ಫ್ಯಾಕ್ಟರ್. ಹಾಲು ಸುಮ್ನೆ ಮೊಸರಾಗುವುದಿಲ್ಲ, ಹೆಪ್ಪು ಹಾಕಬೇಕು. ರಕ್ತಕ್ಕೆ ಆ ಹೆಪ್ಪು ಟಿಶ್ಯೂ ಫ್ಯಾಕ್ಟರ್. ಸಾಮಾನ್ಯವಾಗಿ ಅದು ಒಳಪದರದ ಆಚೆ, ರಕ್ತಕ್ಕೆ ತಾಗದ ಜಾಗದಲ್ಲಿರುತ್ತದೆ. ನಾಳದ ಗೋಡೆಯಲ್ಲಿ ಕಟ್ಟಿದ ಕೊಬ್ಬಿನ ಪದರ ಬಿರಿದರೆ ರಕ್ತಕ್ಕೆ ತಾಗುತ್ತದೆ. 7ನೇ ಫ್ಯಾಕ್ಟರ್ ಅದನ್ನು ಹಿಡಿಯುತ್ತದೆ, 10ನೆಯದು ಎಚ್ಚರವಾಗುತ್ತದೆ, ಥ್ರಾಂಬಿನ್ ಎಂಬ ಕಿಣ್ವ ಹುಟ್ಟುತ್ತದೆ, ಅದರಿಂದ ರಕ್ತದಲ್ಲಿರುವ ಫೈಬ್ರಿನೋಜನ್ ಎಂಬ ಪ್ರೋಟೀನ್ ಫೈಬ್ರಿನ್ ನಾರಿನ ಬಲೆಯಾಗುತ್ತದೆ. ಬಿಪಿ ಇರುವವರಲ್ಲಿ ಫೈಬ್ರಿನೋಜನ್ ಹೆಚ್ಚಾಗಿ ಕಾಣುವುದುಂಟು (ಸಹಜ ಮಟ್ಟ ಸುಮಾರು 200–400 ಮಿ.ಗ್ರಾಂ/ಡೆಸಿಲೀಟರ್). ಆದರೆ ಬೊಜ್ಜು, ಧೂಮಪಾನ ಕೂಡ ಅದನ್ನು ಏರಿಸುತ್ತವೆ. ಎಲ್ಲ ತಪ್ಪನ್ನೂ ಬಿಪಿ ಮೇಲೆ ಹಾಕಬೇಡಿ.

ಕಟ್ಟಿದ ಹೆಪ್ಪು ಕರಗಬೇಕಲ್ಲ? ಅದಕ್ಕೆ ಅಡ್ಡಗಾಲು ಹಾಕುವುದು ಪಿಎಐ-1 ಎಂಬ ಪ್ರೋಟೀನ್. ಬಿಪಿ ಏರಿಸುವ ಆಂಜಿಯೋಟೆನ್ಸಿನ್-2 ಎಂಬ ಹಾರ್ಮೋನ್ ಇದನ್ನೂ ಹೆಚ್ಚಿಸುತ್ತದೆ! ನನಗೆ ತುಂಬ ಮುಖ್ಯ ಅನಿಸಿದ ಕೊಂಡಿ ಇದು. ಪಿಎಐ-1 ಬೆಳಗಿನ ಹೊತ್ತು ಜಾಸ್ತಿ ಇರುತ್ತದೆ, ಬಿಪಿಯೂ ಆಗಲೇ ಏರುತ್ತದೆ. ಹೃದಯಾಘಾತಗಳೂ ಬೆಳಗ್ಗೆಯೇ ಹೆಚ್ಚು.

ಓದುವವರು ಪರೀಕ್ಷೆಯಲ್ಲಿ ಎಡವುವ ಜಾಗ: ಇಷ್ಟೆಲ್ಲ ಇದ್ದರೂ ಪಿಟಿ, ಎಪಿಟಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಟೆಸ್ಟ್‌ಗಳು) ಸಾಮಾನ್ಯವಾಗಿ ನಾರ್ಮಲ್ ಬರುತ್ತವೆ. ಅವು ಫ್ಯಾಕ್ಟರ್ ಕೊರತೆ ಹಿಡಿಯುವ ಟೆಸ್ಟ್‌ಗಳು. ನಾಳದ ಗೋಡೆಯ ಕಥೆ, ಈ ಟೆಸ್ಟ್‌ಗಳಿಗೆ ರಕ್ತ ತುಂಬಿಸುವ ನೀಲಿ ಮುಚ್ಚಳದ ಟ್ಯೂಬಿನೊಳಗೆ ಬರುವುದೇ ಇಲ್ಲ. (ಆ ಟ್ಯೂಬನ್ನು ಗೆರೆಯವರೆಗೆ ತುಂಬಿಸಿ. ರಕ್ತ 9 ಪಾಲು, ಅದು ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ 1 ಪಾಲು. ನಾನೊಮ್ಮೆ ಕಡಿಮೆ ತುಂಬಿಸಿ, ರೋಗಿಗೆ ಎರಡನೇ ಸಲ ಸೂಜಿ ಚುಚ್ಚಬೇಕಾಯಿತು.)

ವಾರ್ಡಿನಲ್ಲಿ ರೋಗಿಗಳು ಕೇಳುತ್ತಾರೆ: "ಹಾಗಾದ್ರೆ ರಕ್ತ ತೆಳು ಮಾಡೋ ಮಾತ್ರೆ ನಾವೇ ತಗೊಳ್ಳಬಹುದಾ?" ಬೇಡ. ಆಸ್ಪಿರಿನ್ ತಡೆಯುವುದು ಪ್ಲೇಟ್‌ಲೆಟ್‌ಗಳನ್ನು, ಫ್ಯಾಕ್ಟರ್‌ಗಳನ್ನಲ್ಲ. ಬಿಪಿ ಹತೋಟಿಯಲ್ಲಿ ಇಲ್ಲದಾಗ ಅದನ್ನು ನುಂಗಿದರೆ ಮೆದುಳಿನಲ್ಲಿ ರಕ್ತ ಸೋರುವ ಅಪಾಯ ಹೆಚ್ಚುತ್ತದೆ. ಅದು ಬೇಕೋ ಬೇಡವೋ ಅನ್ನುವುದನ್ನು ಡಾಕ್ಟರೇ ನೋಡಿ ಹೇಳಬೇಕು.