ಹೆತ್ತೇ ಇಲ್ಲ, ಆದ್ರೂ ಸೋರುತ್ತೆ: ಸೇನೇಲಿರೋ ಹೆಣ್ಮಕ್ಕಳು ಹೇಳ್ಕೊಳ್ಳದ ತೊಂದ್ರೆ

ಸೀನಿದಾಗ, ಜೋರಾಗಿ ನಕ್ಕಾಗ ಎರಡು ಹನಿ ಉಚ್ಚೆ ಹೋದ್ರೆ ನಮ್ಮಲ್ಲಿ ಹೇಳೋದು ಒಂದೇ, ಎರಡ್ಮೂರು ಹೆತ್ತಿದಾಳೆ, ವಯಸ್ಸೂ ಆಯ್ತು, ಇದ್ದಿದ್ದೇ ಬಿಡು ಅಂತ. ಆದ್ರೆ 90ರ ದಶಕದಲ್ಲಿ ಅಮೆರಿಕದ ಸೇನೆಯ ಪ್ಯಾರಾಚೂಟ್ ಟ್ರೈನಿಂಗಿಗೆ ಸೇರಿದ, ಒಂದೂ ಹೆರಿಗೆ ಆಗದ 420 ಹುಡುಗೀರಲ್ಲಿ 9 ಜನಕ್ಕೆ ಜೋರಾಗೇ ಸೋರೋಕೆ ಶುರುವಾಯ್ತು, ಎಲ್ಲಾ ಗಟ್ಟಿಮುಟ್ಟು ಹುಡುಗೀರೇ.

ಆಗೋದಿಷ್ಟೇ. ಮೂತ್ರಕೋಶದ ಕೆಳಗೆ ಮಗೂನ ಮಲಗಿಸೋ ಜೋಲಿ ಥರ ಸ್ನಾಯುಗಳಿವೆ, ಡಾಕ್ಟ್ರು ಪೆಲ್ವಿಕ್ ಫ್ಲೋರ್ ಅಂತಾರೆ. ಎತ್ತರದಿಂದ ಧೊಪ್ ಅಂತ ನೆಲಕ್ಕೆ ಬಿದ್ದಾಗ ಹೊಟ್ಟೆಯೊಳಗಿನ ಒತ್ತಡವೆಲ್ಲ ಒಂದೇ ಏಟಿಗೆ ಕೆಳಗೆ ಬೀಳುತ್ತೆ, ಜೋಲಿ ಆ ಕ್ಷಣಕ್ಕೆ ಬಿಗಿಯಾಗ್ಲಿಲ್ಲ ಅಂದ್ರೆ ಮೂತ್ರನಾಳ ಮುಚ್ಚಿಕೊಳ್ಳಲ್ಲ, ಸೋರುತ್ತೆ. ಇದನ್ನ ಸ್ಟ್ರೆಸ್ ಇನ್‌ಕಾಂಟಿನೆನ್ಸ್ ಅಂತಾರೆ, ಮನಸ್ಸಿನ ಟೆನ್ಷನ್ನಿಗೂ ಇದಕ್ಕೂ ಸಂಬಂಧ ಇಲ್ಲ. 1994ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಅಮೆರಿಕದ ಕಾಲೇಜು ಆಟಗಾರ್ತಿಯರನ್ನ ಕೇಳಿದಾಗ ಜಿಮ್ನಾಸ್ಟಿಕ್ಸ್‌ನವರಲ್ಲಿ 67% ಆಡುವಾಗ ಸೋರುತ್ತೆ ಅಂದ್ರು, ಈಜೋರಲ್ಲಿ 10%, ಗಾಲ್ಫಲ್ಲಿ ಒಬ್ರೂ ಇಲ್ಲ. ಎಗರಿ ಬೀಳೋದೇ ಕಷ್ಟ ಕೊಡೋದು ಅಂತ ಇದಕ್ಕಿಂತ ಚೆನ್ನಾಗಿ ಹೇಳೋಕಾಗಲ್ಲ!

ಆಟಗಾರ್ತಿಗೆ ಬ್ರೇಕ್ ಇದೆ, ಪಕ್ಕದಲ್ಲೇ ಬಾತ್‌ರೂಮಿದೆ. ಬೆನ್ನ ಮೇಲೆ ಮಣಭಾರದ ಬ್ಯಾಗ್ ಹೊತ್ತು, ಸುತ್ತ ಬರೀ ಗಂಡಸರೇ ಇರೋ ತಂಡದಲ್ಲಿ ಗಂಟೆಗಟ್ಟಲೆ ನಡೆಯೋಳಿಗೆ? 563 ಸೈನಿಕ ಮಹಿಳೆಯರನ್ನ ಕೇಳಿ 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಬ್ಬರಿಗೆ ಕೆಲಸಕ್ಕೋ ಶುಚಿತ್ವಕ್ಕೋ ಮಾನಕ್ಕೋ ಅಡ್ಡಿಯಾಗೋ ಅಷ್ಟು ಈ ತೊಂದ್ರೆ ಇತ್ತು. ಕೆಲವರು ಕಂಡ್ಕೊಂಡಿದ್ದ ಉಪಾಯ, ನೀರೇ ಕುಡೀದೇ ಇರೋದು. ನನಗೆ ಸೋರೋದಕ್ಕಿಂತ ಇದೇ ಭಯ ಅನ್ಸೋದು, ಬಿಸಿಲಲ್ಲಿ ಬೆವರು ಸುರೀತಿರುವಾಗ ನೀರು ಬಿಟ್ರೆ ತಲೆ ಸುತ್ತಿ ಬೀಳ್ತಾರೆ, ಉರಿಮೂತ್ರ ಬೇರೆ.

ಮದ್ದು ಇಲ್ವಾ ಅಂದ್ರೆ ಇದೆ, ಹಳೇದೇ. ಆ ಜೋಲಿ ಸ್ನಾಯುಗಳಿಗೆ 1948ರಲ್ಲೇ ಕೆಗೆಲ್ ಅನ್ನೋ ಡಾಕ್ಟ್ರು ಹೇಳಿದ ವ್ಯಾಯಾಮ. ಇದೇ ತೊಂದ್ರೆ ಇದ್ದ 39 ಸೈನಿಕ ಮಹಿಳೆಯರಿಗೆ 8 ವಾರ ಮಾಡಿಸಿದ್ರು, ಕೊನೆಗೆ ಇನ್ನೂ ಚಿಕಿತ್ಸೆ ಬೇಕು ಅಂದವರು 8 ಜನ ಮಾತ್ರ. ಗಾಳಿ ಹೋಗದ ಹಾಗೆ ತಡೀತೀವಲ್ಲ, ಹಾಗೆ ಒಳಗಿಂದ ಮೇಲಕ್ಕೆಳೆದು ಹಿಡ್ದು ಬಿಡೋದು, ಉಸಿರು ಕಟ್ಟಬಾರದು, ಹೊಟ್ಟೆ ಬಿಗೀಬಾರದು. ಕೈಗೂಡಿದ ಮೇಲೆ ಸೀನು ಬರೋ ಮುಂಚೆ, ಭಾರ ಎತ್ತೋ ಮುಂಚೆ ಒಂದ್ಸಲ ಬಿಗಿ ಹಿಡಿದು ಆಮೇಲೆ ಎತ್ತಬೇಕು, ಅದು ಪ್ಯಾರಾಚೂಟ್ ಬ್ಯಾಗಾದ್ರೂ ಸರಿ ನೀರಿನ ಕೊಡಪಾನ ಆದ್ರೂ ಸರಿ.