ಒಂದೇ ಹಿಟ್, ಒಂದೇ ರನ್, ಎರಡಕ್ಕೂ ಸಂಬಂಧವಿಲ್ಲ

ಬೇಸ್‌ಬಾಲ್‌ನಲ್ಲಿ ಇಬ್ಬರು ಪಿಚರ್‌ಗಳ (ಬ್ಯಾಟರ್‌ಗೆ ಚೆಂಡೆಸೆಯುವವರ) ಜಿದ್ದಾಜಿದ್ದಿ ಅಂದರೆ ಏನು ಅಂತ ತಿಳಿಯೋಕೆ ಈ ಒಂದು ಪಂದ್ಯ ಸಾಕು. 1965 ಸೆಪ್ಟೆಂಬರ್ 9, ಲಾಸ್ ಏಂಜಲೀಸ್‌ನ ಡಾಡ್ಜರ್ ಸ್ಟೇಡಿಯಂ. ಡಾಡ್ಜರ್ಸ್‌ಗೆ ಸ್ಯಾಂಡಿ ಕೌಫ್ಯಾಕ್ಸ್, ಶಿಕಾಗೋ ಕಬ್ಸ್‌ಗೆ ಬಾಬ್ ಹೆಂಡ್ಲಿ. ಇಬ್ಬರೂ ಎಡಗೈಯವರು. ಗೆದ್ದದ್ದು ಡಾಡ್ಜರ್ಸ್, 1-0.

ಸ್ಕೋರ್‌ಬೋರ್ಡ್‌ನ ಕೊನೆಯಲ್ಲಿ ಮೂರು ಅಂಕಿ ಇರುತ್ತವೆ: ರನ್ (ಮೂರು ಬೇಸ್ ದಾಟಿ, ಹೊರಟ ಜಾಗವಾದ ಹೋಮ್‌ಗೆ ಮರಳುವುದು), ಹಿಟ್ (ಚೆಂಡು ಹೊಡೆದು ಸುರಕ್ಷಿತವಾಗಿ ಬೇಸ್ ತಲುಪುವುದು), ಎರರ್ (ಫೀಲ್ಡರ್ ಮಾಡುವ ತಪ್ಪು). ಕಬ್ಸ್ 0, 0, 1. ಡಾಡ್ಜರ್ಸ್ 1, 1, 0. ಒಂದು ಹಿಟ್ ಹೊಡೆದರು, ಅದರಿಂದ ಒಂದು ರನ್ ಬಂತು ಅನ್ನಿಸುತ್ತೆ ಅಲ್ವಾ? ಹಾಗಲ್ಲ. ರನ್ ಬಂದದ್ದು ಐದನೇ ಇನಿಂಗ್‌ನಲ್ಲಿ, ಹಿಟ್ ಬಂದದ್ದು ಏಳನೇದರಲ್ಲಿ. ನನಗೆ ತಲೆ ಕೆಟ್ಟದ್ದು ಇಲ್ಲೇ. ಆದ್ದರಿಂದ ಐದನೇ ಇನಿಂಗನ್ನು ಬಿಡಿಸಿ ಬರೆಯುತ್ತೇನೆ.

ಮೊದಲು ಬ್ಯಾಟಿಂಗ್‌ಗೆ ಬಂದವನು ಲೂ ಜಾನ್ಸನ್. ಹೆಂಡ್ಲಿ ನಾಲ್ಕು ಬಾಲ್ (ಬ್ಯಾಟರ್ ಬೀಸದೆ ಬಿಟ್ಟ, ಗುರಿ ತಪ್ಪಿದ ಎಸೆತ) ಕೊಟ್ಟ, ಅಂದರೆ ವಾಕ್. ಜಾನ್ಸನ್ ಪುಕ್ಕಟೆಯಾಗಿ ಮೊದಲ ಬೇಸ್‌ಗೆ ಹೋದ. ವಾಕ್ ಹಿಟ್ ಅಲ್ಲ. ಮುಂದೆ ರಾನ್ ಫೇರ್ಲಿ ಬಂಟ್ ಮಾಡಿದ: ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಡೆದು ಹತ್ತಿರದಲ್ಲೇ ಬೀಳಿಸುವುದು. ಫೇರ್ಲಿ ಔಟಾದ, ಜಾನ್ಸನ್ ಎರಡನೇ ಬೇಸ್ ತಲುಪಿದ. ಇದೂ ಹಿಟ್ ಅಲ್ಲ. ಆಮೇಲೆ ಜಾನ್ಸನ್ ಮೂರನೇ ಬೇಸ್ ಕದಿಯಲು ಓಡಿದ. ಬ್ಯಾಟರ್ ಚೆಂಡು ಹೊಡೆಯಲೇಬೇಕಿಲ್ಲ, ಧೈರ್ಯವಿದ್ದರೆ ರನ್ನರ್ ಸುಮ್ನೆ ಓಡಬಹುದು. ಅವನನ್ನು ಔಟ್ ಮಾಡೋಕೆ ಕಬ್ಸ್ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಕ್ರಿಸ್ ಕ್ರುಗ್ ಮೂರನೇ ಬೇಸಿಗೆ ಎಸೆದ ಚೆಂಡು ಕೈತಪ್ಪಿ ಲೆಫ್ಟ್ ಫೀಲ್ಡ್ ಕಡೆ ಹೋಯಿತು. ಜಾನ್ಸನ್ ನಿಲ್ಲದೆ ಹೋಮ್‌ಗೆ ಬಂದ. ಒಂದು ರನ್.

ಇಲ್ಲಿ ಇನ್ನೊಂದು ಗಂಟು: ಈ ರನ್ ಹೆಂಡ್ಲಿಯ ಲೆಕ್ಕಕ್ಕೆ ಸೇರುವುದಿಲ್ಲ. ಲೆಕ್ಕ ಬರೆಯುವವರು ಆ ಎರರ್ ಆಗೇ ಇಲ್ಲ ಅಂದುಕೊಂಡು ಇನಿಂಗನ್ನು ಮತ್ತೆ ಆಡಿಸಿ ನೋಡುತ್ತಾರೆ. ಎಸೆತ ಸರಿಯಾಗಿ ಹೋಗಿದ್ದರೆ ಜಾನ್ಸನ್ ಮೂರನೇ ಬೇಸ್‌ನಲ್ಲೇ ಇರುತ್ತಿದ್ದ. ಮುಂದಿನ ಇಬ್ಬರೂ ಔಟಾದರು, ಅವನನ್ನು ಒಳಗೆ ತರುವ ಹಿಟ್ ಬರಲಿಲ್ಲ. ಹಾಗಾಗಿ ಇದು ಪಿಚರ್ ಕೊಟ್ಟ ರನ್ ಅಲ್ಲ. ಆದರೆ ಸೋಲು ಮಾತ್ರ ಹೆಂಡ್ಲಿ ಹೆಸರಿಗೇ! ಅನ್ಯಾಯ ಅನ್ನಿಸಿದರೂ ನಿಯಮ ಅದೇ.

ಬಂಟ್ ಬಗ್ಗೆ ಒಂದು ಮಾತು. ಬೇಕೆಂದೇ ಒಂದು ಔಟ್ ಕೊಟ್ಟು ಒಂದು ಬೇಸ್ ಪಡೆಯುವುದು ಜಾಸ್ತಿ ರನ್ ಬರುವ ದಿನ ದಡ್ಡತನ. ಹೆಂಡ್ಲಿಯಂಥವನು ಹಿಟ್ಟೇ ಕೊಡದ ದಿನ ಅದೇ ಜಾಣತನ. ಇಂಥ ಪಂದ್ಯದಲ್ಲಿ ಒಂದು ವಾಕ್, ಒಂದು ಕೆಟ್ಟ ಎಸೆತಕ್ಕೆ ಹೋಮ್ ರನ್‌ನಷ್ಟೇ (ಚೆಂಡನ್ನು ಮೈದಾನದಾಚೆ ಹೊಡೆದು ಗಳಿಸುವ ರನ್‌ನಷ್ಟೇ) ಬೆಲೆ. ನನ್ನ ಪ್ರಕಾರ ರೋಮಾಂಚನ ಇರುವುದು ಇದರಲ್ಲೇ. 11-9 ಪಂದ್ಯದಲ್ಲಿ ಕ್ರುಗ್‌ನ ಆ ಎಸೆತ ಯಾರಿಗೂ ನೆನಪಿರುತ್ತಿರಲಿಲ್ಲ.

ಏಳನೇ ಇನಿಂಗ್‌ನಲ್ಲಿ ಇಬ್ಬರು ಔಟಾಗುವ ತನಕ ಎರಡೂ ಕಡೆ ಹಿಟ್ ಸೊನ್ನೆ. ಆಗ ಜಾನ್ಸನ್ನೇ ಹೊಡೆದ ಒಂದು ಡಬಲ್ (ಎರಡನೇ ಬೇಸ್‌ವರೆಗೆ ತಲುಪಿಸುವ ಹಿಟ್) ಮೊದಲ ಬೇಸಿನ ಹಿಂದೆ ಬಿತ್ತು. ಪಂದ್ಯದ ಏಕೈಕ ಹಿಟ್ ಅದು. ರನ್ ಬರಲಿಲ್ಲ.

ಕೌಫ್ಯಾಕ್ಸ್ ಬಗ್ಗೆ ಹೇಳುವುದು ಸುಲಭ. ಒಂಬತ್ತು ಇನಿಂಗ್, ಇನಿಂಗ್‌ಗೆ ಮೂರು ಔಟ್: 27 ಜನ ಬಂದರು, 27 ಜನವೂ ಔಟ್. ಇದೇ ಪರ್ಫೆಕ್ಟ್ ಗೇಮ್. 14 ಸ್ಟ್ರೈಕ್‌ಔಟ್ (ಚೆಂಡು ಆಡಲಾಗದೆ ಪಿಚರ್‌ನ ಎಸೆತಗಳಿಗೇ ಔಟಾಗುವುದು), ಅದರಲ್ಲೂ ಕೊನೆಯ ಆರು ಮಂದಿ ಸಾಲಾಗಿ. ಕೊನೆಯವನು ಹಾರ್ವಿ ಕೀನ್.

ಐದು ದಿನ ಕಳೆದು ಶಿಕಾಗೋದಲ್ಲಿ ಇವರಿಬ್ಬರೂ ಮತ್ತೆ ಎದುರುಬದುರಾದರು. ಈ ಸಲ 2-1. ಗೆದ್ದವನು ಹೆಂಡ್ಲಿ.