ಕವೆನೆಂಟ್ ಚೈನ್: ಇರೋಕ್ವಾ ಯುದ್ಧಚಿತ್ರಗಳ ಹಿಂದಿನ ಬೆಳ್ಳಿ ಸರಪಳಿ

1993ರಲ್ಲಿ ಅಮೆರಿಕದಲ್ಲಿ ಬಂದ ‘ದ ಬ್ರೋಕನ್ ಚೈನ್’ ಎಂಬ ಟಿವಿ ಚಿತ್ರ ಮೂಲನಿವಾಸಿ ಮೊಹಾಕ್ ಜನರ ಮುಖಂಡ ಜೋಸೆಫ್ ಬ್ರ್ಯಾಂಟ್‌ನ ಕಾಲದ ಕಥೆ. ಹೆಸರಿನಲ್ಲಿರುವ ಸರಪಳಿ ಯಾವುದೆಂದು ತಿಳಿಯದೆ ಇಂಥ ಚಿತ್ರಗಳನ್ನು ನೋಡಿದರೆ, ಯಾರು ಯಾರ ಪರ ಕಾದುತ್ತಿದ್ದಾರೆ, ಏಕೆ ಎಂಬುದೇ ಹಿಡಿತಕ್ಕೆ ಸಿಗುವುದಿಲ್ಲ.

ಕವೆನೆಂಟ್ ಚೈನ್ ಎಂದರೆ ಉತ್ತರ ಅಮೆರಿಕದ ಮೂಲನಿವಾಸಿ ರಾಷ್ಟ್ರಗಳ ಇರೋಕ್ವಾ ಒಕ್ಕೂಟಕ್ಕೂ ಇಂಗ್ಲಿಷ್ ವಸಾಹತುಗಳಿಗೂ ಇದ್ದ ಮೈತ್ರಿ. 1677ರಲ್ಲಿ, ನ್ಯೂಯಾರ್ಕಿನ ಗವರ್ನರ್ ಎಡ್ಮಂಡ್ ಆಂಡ್ರೋಸ್ ಇದ್ದಾಗ, ಆಲ್ಬನಿಯಲ್ಲಿ ಇದು ಗಟ್ಟಿಯಾಯಿತು. ಒಕ್ಕೂಟದವರು ತಮ್ಮನ್ನು ಕರೆದುಕೊಳ್ಳುವುದು ಹೊಡೆನೊಶೋನಿ ಎಂದು. ಮೊಹಾಕ್, ಒನೈಡಾ, ಒನೊಂಡಾಗಾ, ಕಯೂಗಾ, ಸೆನೆಕಾ ಎಂಬ ಐದು ರಾಷ್ಟ್ರಗಳು ಮೊದಲಿನವು. ಟಸ್ಕರೋರಾ ಜನ 1720ರ ದಶಕದ ಹೊತ್ತಿಗೆ ಸೇರಿದರು.

ಸರಪಳಿಯ ರೂಪಕ ಎಲ್ಲಿಂದ ಬಂತು ಎಂಬುದನ್ನು ಒನೊಂಡಾಗಾದ ಕನಸಟೇಗೊ 1744ರ ಲ್ಯಾಂಕಾಸ್ಟರ್ ಸಭೆಯಲ್ಲಿ ಬಿಡಿಸಿ ಹೇಳಿದ್ದ. ಮೊದಲು ಬಂದವರ ಹಡಗನ್ನು ದಡದ ಪೊದೆಗೆ ಹಗ್ಗದಿಂದ ಕಟ್ಟಿದೆವು, ಸ್ನೇಹ ಬಲಿತಂತೆ ಇನ್ನೂ ಭದ್ರವಾದ ಆಸರೆಗೆ ಬಿಗಿದೆವು, ಕೊನೆಗೆ ಒನೊಂಡಾಗಾದ ಬೆಟ್ಟಕ್ಕೇ ಕಟ್ಟಿದೆವು. ಹಗ್ಗ ಹರಿದೀತೆಂದು ಇಂಗ್ಲಿಷರು ಅದರ ಬದಲಿಗೆ ಬೆಳ್ಳಿ ಸರಪಳಿ ಕೊಟ್ಟರು. ಬೆಳ್ಳಿಗೆ ತುಕ್ಕು ಹಿಡಿಯದು, ಆದರೆ ಕಪ್ಪಾಗುತ್ತದೆ. ಆಗಾಗ ಬೆಳಗಬೇಕು. ಇಡೀ ಒಪ್ಪಂದದ ತಿರುಳು ಇಲ್ಲಿದೆ: ಇಂಗ್ಲಿಷರು ಕಾಗದಕ್ಕೆ ಸಹಿ ಬಿದ್ದರೆ ಕೆಲಸ ಮುಗಿಯಿತು ಎಂದುಕೊಂಡರು, ಹೊಡೆನೊಶೋನಿಗಳಿಗೆ ಕೆಲಸ ಶುರುವಾಗುತ್ತಿದ್ದುದೇ ಅಲ್ಲಿಂದ.

ಬೆಳಗುವುದೆಂದರೆ ಸಭೆ ಕೂಡುವುದು, ಅದಕ್ಕೊಂದು ಕ್ರಮವಿತ್ತು. ಮೊದಲು ಕಳೆದ ಸಭೆಯ ನಂತರ ಸತ್ತವರಿಗಾಗಿ ಶೋಕ ನಿವಾರಣೆ. ಮೂರು ಎಳೆ ವಾಂಪಮ್ (ಚಿಪ್ಪಿನ ಮಣಿ) ಕೊಟ್ಟು ಎದುರಿನವರ ಕಣ್ಣೀರು ಒರೆಸಬೇಕು, ಕಿವಿ ತೆರವು ಮಾಡಬೇಕು, ಗಂಟಲು ಬಿಡಿಸಬೇಕು. ದುಃಖದಲ್ಲಿರುವವರಿಗೆ ನೋಟ, ಕೇಳ್ವಿ, ಮಾತು ಯಾವುದೂ ನೆಟ್ಟಗಿರುವುದಿಲ್ಲ, ಹಾಗಿರುವಾಗ ಮಾಡಿದ ಕರಾರು ನಿಲ್ಲದು ಎಂಬ ತಿಳಿವಳಿಕೆ ಇದರ ಹಿಂದಿದೆ. ನನ್ನ ಮಟ್ಟಿಗೆ ರಾಜತಾಂತ್ರಿಕತೆಯಲ್ಲಿ ಇಷ್ಟು ಮನುಷ್ಯತ್ವದ ಮೊದಲ ಹೆಜ್ಜೆ ಬೇರೆಡೆ ಕಂಡಿಲ್ಲ. ಆಮೇಲೆ ಮಾತು. ಒಂದೊಂದು ಪ್ರಸ್ತಾಪ ಮುಗಿದಾಗಲೂ ವಾಂಪಮ್ ಎಳೆಯನ್ನೋ ಮಣಿ ನೇಯ್ದ ಪಟ್ಟಿಯನ್ನೋ ಕೈಗೆ ಕೊಡಬೇಕು; ಅದಿಲ್ಲದ ಮಾತಿಗೆ ತೂಕವಿಲ್ಲ. ಉತ್ತರ ಅವಸರದಲ್ಲಿ ಕೊಡುವಂತಿಲ್ಲ: ಕೇಳಿದವರು ತಮ್ಮೊಳಗೆ ಚರ್ಚಿಸಿ, ಸಾಮಾನ್ಯವಾಗಿ ಮರುದಿನ, ಕೇಳಿದ ಅಂಶಗಳನ್ನು ಒಂದೊಂದಾಗಿ ಮತ್ತೆ ಹೇಳಿ ಉತ್ತರಿಸುತ್ತಿದ್ದರು. ಪಟ್ಟಿ ತಿರಸ್ಕರಿಸಿದರೆ ಪ್ರಸ್ತಾಪವನ್ನೇ ತಿರಸ್ಕರಿಸಿದಂತೆ.

ವಾಂಪಮ್ ಎಂದರೆ ಸಮುದ್ರದ ಚಿಪ್ಪಿನ ಕೊಳವೆಯಾಕಾರದ ಮಣಿ, ಉದ್ದ ಸುಮಾರು 6 ಮಿಲಿಮೀಟರ್. ಬಿಳಿ ಮಣಿ ಶಂಖದಂಥ ವೆಲ್ಕ್ ಚಿಪ್ಪಿನದು. ನೇರಳೆಯದು ಕ್ವಾಹಾಗ್ ಎಂಬ ದಪ್ಪ ಚಿಪ್ಪಿನದು. ದೊಡ್ಡ ಪಟ್ಟಿಗೆ ಸಾವಿರಾರು ಮಣಿ ಬೇಕು. ಬಿಳಿ ಶಾಂತಿಗೆ, ನೇರಳೆ ಗಂಭೀರ ವಿಷಯಕ್ಕೆ. ಯುದ್ಧಕ್ಕೆ ಕರೆಯುವ ಪಟ್ಟಿಗೆ ಕೆಂಪು ಬಳಿಯುತ್ತಿದ್ದರು. ಚಿತ್ರಗಳು ಎಡವುವುದು ಇಲ್ಲೇ. ಅದನ್ನು ಕೊರಳ ಸರವಾಗಿ ಇಲ್ಲವೇ ದುಡ್ಡಾಗಿ ತೋರಿಸುತ್ತವೆ. 17ನೇ ಶತಮಾನದಲ್ಲಿ ಡಚ್ಚರೂ ಇಂಗ್ಲಿಷರೂ ಅದನ್ನು ಚಿಲ್ಲರೆಯಾಗಿ ಬಳಸಿದ್ದು ನಿಜ, ಆದರೆ ಸಭೆಯಲ್ಲಿ ಅದು ದಾಖಲೆ. ಪಟ್ಟಿ ಹಿಡಿದು ಹಳೆಯ ಮಾತನ್ನು ಒಪ್ಪಿಸಬಲ್ಲವರು ಒಕ್ಕೂಟದಲ್ಲಿದ್ದರು.

ಸಂಬೋಧನೆಯನ್ನೂ ಗಮನಿಸಿ. ಸರಪಳಿಯ ಎರಡೂ ತುದಿಯವರು ಪರಸ್ಪರ ಕರೆಯುತ್ತಿದ್ದುದು ‘ಸೋದರ’ ಎಂದು. ಫ್ರೆಂಚ್ ಗವರ್ನರನಿಗೆ ಅವನ ಮಿತ್ರ ಬುಡಕಟ್ಟುಗಳು ‘ತಂದೆ’ ಎನ್ನುತ್ತಿದ್ದವು. ತಾಯಿಯ ಕಡೆಯಿಂದ ಕುಲ ಎಣಿಸುವ ಇರೋಕ್ವಾ ಮನೆಯಲ್ಲಿ ಮಕ್ಕಳ ಮೇಲೆ ಅಧಿಕಾರ ಸೋದರಮಾವನದು. ತಂದೆ ಕೊಡುವವನು, ಆಳುವವನಲ್ಲ. ಎರಡೂ ಸಂಬೋಧನೆಗಳಲ್ಲಿ ಆಳುವವನಿಲ್ಲ. ಹಾಗಾಗಿ ಇಂಗ್ಲಿಷ್ ಕಾಗದಗಳು ಇವರನ್ನು ರಾಜನ ಪ್ರಜೆಗಳೆಂದು ಬರೆದುಕೊಂಡಾಗ ಮೈತ್ರಿಯ ಬುಡಕ್ಕೇ ಪೆಟ್ಟು ಬಿತ್ತು.

ಸರಪಳಿ ಕಡಿದದ್ದು ಭೂಮಿಗಾಗಿ. ನ್ಯೂಯಾರ್ಕಿನ ಕಯಡೆರೊಸೆರಸ್ ಎಂಬಲ್ಲಿ ಮೊಹಾಕರು ತಾವು ಕೊಟ್ಟದ್ದು ಸಣ್ಣ ತುಂಡು ಎಂದರೆ, 1708ರ ಪಟ್ಟಾ ಲಕ್ಷಾಂತರ ಎಕರೆ ನುಂಗಿತ್ತು. ದೂರುಗಳು ದಶಕಗಟ್ಟಲೆ ಹಾಗೇ ಬಿದ್ದಿದ್ದವು. 1753ರಲ್ಲಿ ಮೊಹಾಕ್ ನಾಯಕ ಹೆಂಡ್ರಿಕ್ ನ್ಯೂಯಾರ್ಕ್ ಗವರ್ನರ್ ಜಾರ್ಜ್ ಕ್ಲಿಂಟನ್‌ನ ಎದುರೇ ಸರಪಳಿ ಮುರಿಯಿತು ಎಂದು ಘೋಷಿಸಿದ. ಫ್ರಾನ್ಸಿನೊಡನೆ ಯುದ್ಧ ತಲೆಯ ಮೇಲಿತ್ತು, ಲಂಡನ್ ಬೆಚ್ಚಿತು. 1754ರಲ್ಲಿ ವಸಾಹತುಗಳ ಪ್ರತಿನಿಧಿಗಳು ಸೇರಿದ ಆಲ್ಬನಿ ಸಮಾವೇಶಕ್ಕೆ ಈ ಘೋಷಣೆಯೇ ಮುಖ್ಯ ಕಾರಣ. ಇರೋಕ್ವಾಗಳೊಡನೆ ವ್ಯವಹರಿಸುತ್ತಿದ್ದ ಬ್ರಿಟಿಷ್ ಅಧಿಕಾರಿ ವಿಲಿಯಂ ಜಾನ್ಸನ್ ಸರಪಳಿಗೆ ಬೆಸುಗೆ ಹಾಕಿದ. ಹೆಂಡ್ರಿಕ್ 1755ರಲ್ಲಿ ಲೇಕ್ ಜಾರ್ಜ್ ಕಾಳಗದಲ್ಲಿ ಬ್ರಿಟಿಷರ ಪರವಾಗಿಯೇ ಹೋರಾಡಿ ಸತ್ತ.

ಅಮೆರಿಕನ್ ಕ್ರಾಂತಿಯ ಹೊತ್ತಿಗೆ ಒಕ್ಕೂಟವೇ ಸೀಳಿತು. 1777ರ ಆಗಸ್ಟ್ 6ರಂದು ಒರಿಸ್ಕನಿ ಕಾಳಗದಲ್ಲಿ ಒನೈಡಾಗಳು ಅಮೆರಿಕನ್ನರ ಕಡೆ, ಮೊಹಾಕರೂ ಸೆನೆಕಾಗಳೂ ಬ್ರಿಟಿಷರ ಕಡೆ. 1779ರಲ್ಲಿ ಅಮೆರಿಕನ್ ಸೇನಾಪತಿ ಸಲಿವನ್‌ನ ದಂಡು ಊರುಗಳನ್ನೂ ಜೋಳದ ಹೊಲಗಳನ್ನೂ ಸುಟ್ಟಿತು. ಯುದ್ಧ ಮುಗಿಸಿದ 1783ರ ಪ್ಯಾರಿಸ್ ಒಪ್ಪಂದದಲ್ಲಿ ಬ್ರಿಟನ್ ಈ ಮಿತ್ರರ ಹೆಸರನ್ನೂ ಎತ್ತಲಿಲ್ಲ. ಮರುವರ್ಷ ಬ್ರ್ಯಾಂಟ್‌ನ ಜನರಿಗೆ ಕೆನಡಾದ ಗ್ರ್ಯಾಂಡ್ ನದಿಯ ಎರಡೂ ದಡಗಳಲ್ಲಿ ಆರಾರು ಮೈಲಿ ನೆಲ ಸಿಕ್ಕಿತು. ಅದರ ಬಹುಪಾಲು ಮುಂದೆ ಕೈಬಿಟ್ಟುಹೋಯಿತು, ಆ ವ್ಯಾಜ್ಯ ಇಂದಿಗೂ ಬಗೆಹರಿದಿಲ್ಲ.